ಬಿಡಿಸುವ ಕೈ

ಬೆಳಗಿನ ಜಾವ ಮೂರೂವರೆ. ಹಣೆಗೆ ಕಟ್ಟಿದ ಟಾರ್ಚು
ಬಿದ್ದಷ್ಟೇ ಜಗತ್ತು: ಒಂದು ಮೊಳ ಸಾಲು, ನಾಲ್ಕು ಸೇವಂತಿಗೆ,
ಇಬ್ಬನಿಗೆ ಮರಗಟ್ಟಿದ ನನ್ನ ಹೆಬ್ಬೆರಳು.
ಪಕ್ಕದ ಸಾಲಿಂದ ಪಿಳ್ಳಮ್ಮನ ಬೆಳಕು ನನ್ನ ಮುಖಕ್ಕೆ ತಿರುಗಿತು:
"ಹೇಳೇ ಮತ್ತೆ, ಆ ಜಪಾನು."

ಬೀಜದ ಕಂಪನಿಯವರು ಕರೆದೊಯ್ದದ್ದು ಇಪ್ಪತ್ತೆರಡು ಜನರನ್ನ.
ಹೆಂಗಸು ನಾನೊಬ್ಬಳೇ.
ಪಾಸ್‌ಪೋರ್ಟಿನ ಫೋಟೊದಲ್ಲಿ ಕಿವಿ ಕಾಣಲಿ ಅಂತ
ಮುಡಿದಿದ್ದ ಹೂವನ್ನೇ ತೆಗೆಸಿದ್ದರು.

ಏನಂತ ಹೇಳಲಿ. ಒಂದು ಗುಡ್ಡ,
ನಮ್ಮ ಸ್ಕಂದಗಿರಿಯ ಸೊಂಟಕ್ಕೂ ಬರೋದಿಲ್ಲ,
ಅದರ ಬೆನ್ನಿಗೆಲ್ಲ ಹೂವು. ಬಂಡೆಯಿಲ್ಲ, ಲಂಟಾನ ಇಲ್ಲ,
ಬೋರಿನ ಪೈಪು ಎಲ್ಲೂ ಕಣ್ಣಿಗೆ ಬೀಳಲಿಲ್ಲ.
ನೀಲಿಯದೊಂದು ಪಟ್ಟೆ, ಅದರ ಮೇಲೆ ಗುಲಾಬಿ, ಆಮೇಲೆ ಬಿಳಿ.
ಅಂಗಡಿಯವನು ಗಾದಿ ಮೇಲೆ ಸೀರೆ ಬೀಸಿ ಹರಡಿ
ಮಡಚೋದು ಮರೆತು ಊಟಕ್ಕೆ ಹೋದ ಹಾಗೆ.

"ಕಿಲೋ ಎಷ್ಟು?"
ಮಾರೋದಿಲ್ಲ.
"ದೇವರಿಗಾ?"
ಅಲ್ಲ.
"ಮತ್ತೆ ಯಾರು ಬಿಡಿಸ್ತಾರೆ?"
ಯಾರೂ ಇಲ್ಲ. ನೋಡ್ತಾರೆ. ಟಿಕೆಟ್ ತಗೊಂಡು,
ಹಗ್ಗದಾಚೆ ನಿಂತು, ಸುಮ್ಮನೆ ನೋಡ್ತಾರೆ.

ಪಿಳ್ಳಮ್ಮ ಬೆನ್ನು ನೆಟ್ಟಗೆ ಮಾಡಿದಳು. ಅವಳ ಬೆಳಕು
ಆಕಾಶಕ್ಕೆ ಹೋಗಿ ಎಲ್ಲೂ ತಾಗದೆ ನಿಂತಿತು.
"ಅಯ್ಯೋ, ಗಿಡಕ್ಕೆ ಸಾಕು ಅಂತ ಹೇಳೋರು ಯಾರೇ?"

ನನಗೂ ಅಲ್ಲಿ ಅದೇ. ಕೈ ತುರಿಸುತ್ತಿತ್ತು.
ಹದಿನಾರು ವರ್ಷದಿಂದ ಹೂವೆಂದರೆ ತೊಟ್ಟು ಅಂತಲೇ ಕಲಿತ ಉಗುರು,
ಎಲ್ಲಿಡಲಿ ಅದನ್ನ? ಸೆರಗಿನ ತುದಿ ಸುತ್ತಿ ಹಿಡಿದೆ.
ಗೌರಿಬಿದನೂರಿನ ವೆಂಕಟರವಣಪ್ಪ ಎಕರೆ ಲೆಕ್ಕ ಹಾಕುತ್ತಿದ್ದರು.
ಉಳಿದವರು ಹೂವಿಗೆ ಬೆನ್ನು ಹಾಕಿ ಫೋಟೊಗೆ ನಿಂತಿದ್ದರು.

ಆಗ ಕಂಡಳು. ಇಳಿಜಾರಲ್ಲಿ ಕೂತಿದ್ದ ಮುದುಕಿ.
ಕುತ್ತಿಗೆವರೆಗೆ ಬಟ್ಟೆ ಇಳಿಬಿಟ್ಟ ಟೋಪಿ, ಪಕ್ಕಕ್ಕೊಂದು ಬುಟ್ಟಿ,
ಬಾಡಿದ್ದನ್ನ ಮಾತ್ರ ಹುಡುಕಿ ಹುಡುಕಿ ಚಿವುಟುತ್ತಿದ್ದಳು.
ಹೆಬ್ಬೆರಳು, ತೋರುಬೆರಳು, ಒಂದು ಸಣ್ಣ ತಿರುವು.
ಪಿಳ್ಳಮ್ಮ, ಥೇಟು ನಿನ್ನದೇ ತಿರುವು ಕಣೆ.

ಹಗ್ಗದ ಈಚೆ ನಾನೂ ಕುಕ್ಕರಗಾಲಲ್ಲಿ ಕೂತೆ.
ಕೈಗೆಟುಕಿದ ಮೂರು ಗಿಡದ ಬಾಡಿದ ಹೂ ತೆಗೆದೆ.
ನೋಡಿದಳು. ಗದರಲಿಲ್ಲ.
ನನ್ನ ಉಗುರಿನ ಕಪ್ಪು ಹಸಿರು ಕಲೆ ನೋಡಿ
ಗ್ಲೌಸು ಕಳಚಿ ತನ್ನದನ್ನೂ ತೋರಿಸಿದಳು,
ಬುಟ್ಟಿಯನ್ನ ಒಂದು ಗೇಣು ನನ್ನ ಕಡೆಗೆ ತಳ್ಳಿದಳು.
ಅವಳು ಅವಳ ಮಾತಲ್ಲಿ ಎಣಿಸಿದಳು,
ನಾನು ನಮ್ಮ ಮಂಡಿಯ ತೆಲುಗಲ್ಲಿ, ಒಕಟಿ, ರೆಂಡು, ಮೂಡು.
ಏಳಕ್ಕೆ ಬಂದಾಗ ಬಸ್ಸು ಹಾರನ್ ಹೊಡೆಯಿತು.

"ಕೂಲಿ ಎಷ್ಟಂತೆ ಅವಳಿಗೆ?"
ಕೇಳೋಕೆ ಭಾಷೆ ಎಲ್ಲಿತ್ತು?
"ನಾನಾಗಿದ್ರೆ ಕೈಯಲ್ಲೇ ಕೇಳ್ತಿದ್ದೆ."

ಮಾತು ಮುಗಿಯಿತು. ಸಾಲು ಮುಗಿಯಲಿಲ್ಲ.
ಸೆರಗಿನ ಮಡಿಲಿಂದ ಕ್ರೇಟಿಗೆ, ಕ್ರೇಟಿಂದ ಬದುವಿಗೆ;
ನಂದಿಬೆಟ್ಟ ಮೆಲ್ಲಗೆ ಕತ್ತಲಿಂದ ಹೊರಗೆ ಬಂತು, ಮೊದಲು ತಲೆ,
ಆಮೇಲೆ ಹೆಗಲು. ಮಂಡಿಗೆ ಹೋಗೋ ಆಟೊ ಇನ್ನೂ ಬಂದಿರಲಿಲ್ಲ.

ಬಂದದ್ದು ಒಂದು ಬಿಳಿ ಕಾರು.
ಬೆಟ್ಟದ ಮೇಲೆ ಸೂರ್ಯ ನೋಡೋಕೆ ಹೊರಟವರು
ನಮ್ಮ ಹಳದಿ ನೋಡಿ ಬ್ರೇಕು ಹಾಕಿದರು.
ಹುಡುಗಿಯೊಬ್ಬಳು ಬದು ದಾಟಿ, ಬಿಡಿಸದೆ ಉಳಿದಿದ್ದ ಸಾಲಿನ ನಡುವೆ
ಕೈಯಗಲಿಸಿ ನಿಂತಳು. ಹುಡುಗ ಫೋನೆತ್ತಿದ.

ಪಿಳ್ಳಮ್ಮ ಎದ್ದಳು. ಸೊಂಟ ಹಿಡಿದುಕೊಂಡೇ ನಡೆದಳು.
ಬೆಳಕು ಹರಿದಿದ್ದರೂ ಹಣೆಯ ಟಾರ್ಚು ಆರಿಸಿರಲಿಲ್ಲ.
ಇಬ್ಬರ ಮುಂದೆ ನಿಂತು ಅಂಗೈ ಚಾಚಿದಳು:
"ಟಿಕೆಟ್."

ಅವರು ನಕ್ಕರು. ನಾನೂ ನಕ್ಕೆ, ಇಲ್ಲಿಂದಲೇ.
ಪಿಳ್ಳಮ್ಮ ನಗಲಿಲ್ಲ.
ಅಂಗೈ ಹಾಗೇ ಚಾಚಿತ್ತು,
ಹೆಬ್ಬೆರಳ ತುದಿಯಲ್ಲಿ ಹಸಿ ಹಸಿರು.