ಎರಡು ರಾತ್ರಿಯ ಅಳತೆ

ಕಕ್ಕಡದಲ್ಲಿ ಮದುವೆಯಿಲ್ಲ,
ಮದುವೆಯಿಲ್ಲದೆ ರವಿಕೆಯಿಲ್ಲ.
ವಿರಾಜಪೇಟೆಯ ನನ್ನ ಅಂಗಡಿಯಲ್ಲಿ
ಮಿಷನ್ನಿನ ಮೇಲೆ ಬೆಕ್ಕು ಮಲಗಿದೆ.
ಏಳಿಸೋಣ ಅಂದರೆ ಕೆಲಸವೂ ಇಲ್ಲ.

ಅಳತೆ ಪುಸ್ತಕದ ಎಡಕ್ಕೆ ದೇಚಮ್ಮನ ಎದೆ, ತೋಳು, ಕಂಕುಳು
(ಹೋದ ವರ್ಷಕ್ಕಿಂತ ಒಂದಿಂಚು ಜಾಸ್ತಿ, ಅವಳಿಗೆ ಹೇಳಿಲ್ಲ).
ಬಲಕ್ಕೆ ಖಾಲಿ ಹಾಳೆಯಲ್ಲಿ ಬರೆದೆ:
ಮಡಿಕೇರಿ. ಎರಡು ರಾತ್ರಿ. ಒಬ್ಬಳು.
ಬರೆದವಳೇ ಯಾರಾದರೂ ನೋಡಿದರಾ ಅಂತ
ಬಾಗಿಲ ಕಡೆ ತಿರುಗಿದೆ.

ಕೈಯಲ್ಲಿರುವುದು ಎರಡು ಸಾವಿರದ ನಾನೂರು.
ಹುಕ್ಕು ಹಾಕಿದ, ಫಾಲ್ಸ್ ಹೊಲಿದ ದುಡ್ಡು,
ಬಟನ್ ಡಬ್ಬಿಯ ತಳದಲ್ಲಿ ಮಡಚಿಟ್ಟದ್ದು.
ನೋಟಿಗೆಲ್ಲ ಮಿಷನ್ ಎಣ್ಣೆಯ ವಾಸನೆ.

ಬಸ್ಸಿಗೆ ಸೊನ್ನೆ.
ಆಧಾರ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ,
ಆದರೆ ಅದು ಬರಬೇಕಲ್ಲ.
ಮೂರ್ನಾಡು ಮಡಿಕೇರಿ, ಮೂರ್ನಾಡು ಮಡಿಕೇರಿ ಅಂತ
ಐದು ಖಾಸಗಿ ಬಸ್ಸು ಕೂಗಿಕೊಂಡು ಹೋದ ಮೇಲೆ
ಕೆಂಪಗೆ ಒಂದು ಬರುತ್ತದೆ, ಕೆಮ್ಮುತ್ತ.
ಕಾಯುತ್ತೇನೆ. ‘ನಾಳೆ ಬನ್ನಿ’ ಅಂತ
ಎಷ್ಟು ಜನರನ್ನು ನಾನು ಕಾಯಿಸಿಲ್ಲ.

ರೂಮಿಗೆ ಫೋನ್ ಮಾಡಿದೆ.
ಮಳೆಗಾಲದ ರೇಟು, ದಿನಕ್ಕೆ ಆರುನೂರೈವತ್ತು,
ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು.
“ಹೆಸರು?”
“ಕುಸುಮಾವತಿ.”
“ಎಷ್ಟು ಜನ?”
“ಒಬ್ಬಳು.”
“ಜೊತೆಗೆ?”
ನಾನು ಸುಮ್ಮನಿದ್ದೆ. ಅವನೂ ಸುಮ್ಮನಿದ್ದ.
ಅವನ ಹಿಂದೆ ಟೀವಿಯಲ್ಲಿ ಯಾರೋ
ಕೊಡಗಿಗೆ ಕಿತ್ತಳೆ ಬಣ್ಣ ಹಚ್ಚುತ್ತಿದ್ದರು.
“ಜೊತೆಗೆ ಕೊಡೆ” ಅಂದೆ.

ಗಂಡ ಕೇಳಿದ್ದು ಒಂದೇ:
“ಮಡಿಕೇರಿಗಾ? ಯಾರಿಗೆ ಹುಷಾರಿಲ್ಲ?”
ತಪ್ಪು ಅವನದಲ್ಲ.
ಈ ಐವತ್ತೆರಡು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು
ಆಸ್ಪತ್ರೆಗೆ, ಕೋರ್ಟಿಗೆ, ರೇಷನ್ ಕಾರ್ಡಿಗೆ,
ಮತ್ತೆ ಆಸ್ಪತ್ರೆಗೆ.
ಅಲ್ಲಿನ ಏರೆಲ್ಲ ನನ್ನ ಮಂಡಿಗೆ ಗೊತ್ತು,
ಎಕ್ಸ್‌ರೇ ಕವರು ಎದೆಗವಚಿ ಹತ್ತಿದ ಏರು.
ಕೋಟೆಯೊಳಗೆ ಎರಡು ಗಾರೆಯ ಆನೆಗಳಿವೆ.
ಆಫೀಸಿನ ಸಾಲಲ್ಲಿ ನಿಂತು ಬೆನ್ನು ಮಾತ್ರ ನೋಡಿದ್ದೇನೆ.
ಈ ಸಲ ಮುಖ ನೋಡಬೇಕು.

ಊಟ ತಿಂಡಿಗೆ ಐನೂರು.
ಕೊಡೆಯ ಕಡ್ಡಿ ಮುರಿದಿದೆ, ರಿಪೇರಿಗೆ ಅರವತ್ತು.
ರಾಜಾಸೀಟಿಗೆ ಇಪ್ಪತ್ತು ಇಟ್ಟೆ.
“ಈಗ ಅಲ್ಲಿ ಬರೀ ಮಂಜು, ದುಡ್ಡು ದಂಡ ಅಕ್ಕ”
ಅಂದಳು ಸಫಿಯಾ, ನೂಲು ಕಚ್ಚಿ ತುಂಡು ಮಾಡುತ್ತ.
ಇರಲಿ.
ಮೂವತ್ತು ವರ್ಷ ಸೂಜಿಯ ಕಣ್ಣನ್ನೇ ನೋಡಿದವಳು,
ಏನೂ ಕಾಣದ ಅಷ್ಟು ದೊಡ್ಡ ಜಾಗಕ್ಕೆ
ಇಪ್ಪತ್ತು ಜಾಸ್ತಿಯೇನಲ್ಲ.

ಇನ್ನೊಂದು ಸಾಲು ಸಣ್ಣಕ್ಷರದಲ್ಲಿ ಬರೆದೆ:
ನೈಟಿ, ರೆಡಿಮೇಡು, ಮುನ್ನೂರೈವತ್ತು.
ಬೇರೆ ಯಾರೋ ಹೊಲಿದದ್ದು,
ನನ್ನ ಅಳತೆ ತಿಳಿಯದವರು ಹೊಲಿದದ್ದು.
ಹೊಲಿಗೆ ವಕ್ರವಾಗಿದ್ದರೆ ಬೈಯಬಹುದು,
ಬೈದು, ಹಾಕಿಕೊಂಡು ಮಲಗಬಹುದು,
ಎಂಟು ಗಂಟೆಗೇ.

ಕಕ್ಕಡ ಹದಿನೆಂಟು ಕಳೆಯಲಿ ಮೊದಲು,
ದೇಚಮ್ಮ ಕಳಿಸುವ ಮದ್ದುಸೊಪ್ಪಿನ ಪಾಯಸ ತಪ್ಪಿಸಲಾರೆ.
ಆಮೇಲೆ ಬೇತ್ರಿಯಲ್ಲಿ ಕಾವೇರಿ
ಸೇತುವೆಯ ಕೆಳಗೇ ಇರಬೇಕು. ಅದಕ್ಕೆ ಬಜೆಟ್ ಇಲ್ಲ.
ಎಲ್ಲ ಕೂಡಿ ಕಳೆದು ನೂರ ಎಪ್ಪತ್ತು ಉಳಿಯಿತು.
ಉಳಿಯಬೇಕು. ರವಿಕೆಯಲ್ಲೂ
ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಮಡಿಸಿಡುತ್ತೇನೆ,
ಮುಂದೆ ಬಿಚ್ಚಿಕೊಳ್ಳಲಿ ಅಂತ.

ರಾತ್ರಿ ಅನ್ನ ಕಲಸುತ್ತ ಅವನು ಕೇಳಿದ,
“ನಾನೂ ಬರಲಾ?”
“ಬಟ್ಟೆ ಕತ್ತರಿಸಿ ಆಯಿತು” ಅಂದೆ.
ಸಾರು ಬಡಿಸಿದೆ. ಬೇರೆ ಮಾತಾಡಲಿಲ್ಲ.

ಬೆಳಿಗ್ಗೆ ಎದ್ದರೆ, ಜಗಲಿಯಲ್ಲಿ ಕೂತು
ಸೈಕಲ್ ಕಡ್ಡಿ ಬಗ್ಗಿಸಿ, ತಂತಿ ಸುತ್ತಿ,
ಕೊಡೆ ಬಿಡಿಸಿ ಮುಚ್ಚಿ ಬಿಡಿಸಿ ನೋಡುತ್ತಿದ್ದಾನೆ.
ಹಾಳೆ ತೆಗೆದು ಅರವತ್ತನ್ನು ಹೊಡೆದು ಹಾಕಿದೆ.
ಇನ್ನೂರ ಮೂವತ್ತು.