ಮುಚ್ಚಳ

ನಲವತ್ತೊಂದು ವರ್ಷ ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟವನು
ನನ್ನ ಗಂಡ ಕೌಕೊ.
ಲಪ್ಪೇನ್‌ರಂತದ ಪೇಟೆಬೀದಿಯಲ್ಲಿ ಯಾರಾದರೂ ನಕ್ಕರೆ
ನಿಂತು ನೋಡುತ್ತಾನೆ, ಮುಖವನ್ನಲ್ಲ,
ಮೇಲ್ದವಡೆಯ ಎಡಗಡೆ ಮೂರನೆಯದನ್ನು.

ನಿವೃತ್ತಿಯ ಮರುದಿನ ಸೈಕಲ್ಲು, ಹಿಮಗಾಡಿ, ನನ್ನ ಮಗ್ಗ,
ಶೆಡ್ಡಿನಲ್ಲಿದ್ದದ್ದೆಲ್ಲ ಹೊರಬಿತ್ತು.
"ಟ್ಯಾಂಕು," ಅಂದ. "ನಿಜದ್ದರ ಕಾಲು ಪಾಲು."
ನೀರಿನದು ಅಂದುಕೊಂಡೆ ನಾನು.
ಬೀರುವಿನಿಂದ ಫೋಟೊ ತೆಗೆದು ತೋರಿಸಿದ:
ಕಡ್ಡಾಯ ಸೇವೆಯ ಹತ್ತೊಂಬತ್ತರ ಹುಡುಗ
ಉಕ್ಕಿನ ಮೂತಿಯ ಕಿಂಡಿಯಿಂದ
ತಲೆಯೊಂದನ್ನೇ ಹೊರಹಾಕಿ ನಗುತ್ತಿದ್ದಾನೆ.
ಆಗ ಬಾಯಲ್ಲಿದ್ದ ಹಲ್ಲೆಲ್ಲ ಅವನವೇ.

ಆಮೇಲೆ ಮೂರು ಚಳಿಗಾಲ.
ದವಡೆಯ ಅಚ್ಚಿಗೆ ಬಳಸುವ ಗುಲಾಬಿ ಹಿಟ್ಟು ಕಲಸಿ
ಒಂದೊಂದೇ ಕೊಂಡಿ ಎರಕ ಹೊಯ್ದ,
ಬದಿಗೆ ತೊಂಬತ್ತು.
ಒಡೆದವು, ಸೊಟ್ಟಾದವು ಇಪ್ಪತ್ತಾರು, ಬಕೆಟ್ಟಿನಲ್ಲಿ.
ಮೈಗೆ ಪ್ಲೈವುಡ್ಡು, ಮೇಲೆ ತಗಡು.
ಆಸ್ಪತ್ರೆಯವರು ಹರಾಜು ಹಾಕಿದ ಗಾಲಿಕುರ್ಚಿಯ ಎರಡು ಮೋಟರು,
ಯಾರನ್ನೋ ಊಟಕ್ಕೆ, ಕಿಟಕಿಗೆ, ಮತ್ತೆ ಹಾಸಿಗೆಗೆ
ಒಯ್ದು ಒಯ್ದು ಪಳಗಿದಂಥವು.
ನನ್ನ ಒಲೆಯಲ್ಲಿ ರೈ ಬ್ರೆಡ್ಡಿನ ಪಕ್ಕ ಬಣ್ಣ ಒಣಗಿತು;
ವಾರಗಟ್ಟಲೆ ತಿಂದದ್ದಕ್ಕೆಲ್ಲ ಹಸಿರು ವಾಸನೆ.

ಎಳೆಯುವ ಚಕ್ರಕ್ಕೆ ಹದಿಮೂರು ಹಲ್ಲು.
ಮೊದಲ ಪರೀಕ್ಷೆಯಲ್ಲೇ ಒಂದು ಮುರಿಯಿತು.
ಬಾಗಿ, ಬೆರಳಿಂದ ಆ ಜಾಗ ಸವರಿ
"ನೋವಾಯಿತಾ?" ಅಂದ.
ನನಗೆ ಕೇಳಿಸಲಿಲ್ಲ ಅಂದುಕೊಂಡಿದ್ದಾನೆ ಇವತ್ತಿಗೂ.

ಏಪ್ರಿಲ್, ಸರೋವರದ ಮಂಜುಗಡ್ಡೆ ಕಪ್ಪಾಗುವ ವಾರ,
ನೂರೆಂಬತ್ತು ಕಿಲೊ ತಾನಾಗಿ ಶೆಡ್ಡಿನಿಂದಿಳಿಯಿತು.
ಸದ್ದು ನಾನೆಣಿಸಿದಷ್ಟಿರಲಿಲ್ಲ,
ಹೊಲಿಗೆ ಯಂತ್ರದಲ್ಲಿ ಯಾರೋ ಸರಪಳಿ ಹೊಲಿದಂತೆ.
ಕೊಳೆಹಿಮ ದಾಟಿ, ಬೆರ್ರಿ ಪೊದೆ ಬಳಸಿ
ಆಲೂಗಡ್ಡೆ ಪಾತಿ ಏರಿತು, ಸಿಕ್ಕಿಕೊಂಡಿತು, ಇಳಿಯಿತು.
ಅರವತ್ತೇಳರ ಗಂಡಸು ರಿಮೋಟು ಹಿಡಿದು ಕುಣಿಯುವುದನ್ನು
ನೀವು ನೋಡಬೇಕಿತ್ತು.

ಬೇಲಿಯಾಚೆ ಓಸ್ತಾಪ್ ನಿಂತಿದ್ದ.
ಹತ್ತು ವರ್ಷದವನು. ಇಝಿಯುಮ್ ಅವನ ಊರು,
ಚಿಕ್ಕಮ್ಮನೊಂದಿಗೆ ಆ ಕೆಂಪು ಮನೆಗೆ ಬಂದು ಎರಡು ವರ್ಷ.
ಓಡಿಹೋಗುತ್ತಾನೆ ಅಂದುಕೊಂಡೆ, ಅಳುತ್ತಾನೆ ಅಂದುಕೊಂಡೆ,
ಕೈಯೊರೆಸಿಕೊಳ್ಳುತ್ತ ಮೆಟ್ಟಿಲು ಕೂಡ ಇಳಿದೆ.
ಅವನು ಬಂದ. ಸುತ್ತು ಹಾಕಿದ. ಗಾಲಿ ಎಣಿಸಿದ.
ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಸಂದಿಗೆ
ಗೇಣಿಟ್ಟು ತಲೆಯಾಡಿಸಿದ. ಸರಿಯಿದೆ.
ಆಮೇಲೆ ಮೂತಿಯ ಮೇಲಿನ ಮುಚ್ಚಳ ತಟ್ಟಿ,
ಶಾಲೆಯಲ್ಲಿ ಕಲಿತ ನಮ್ಮ ಭಾಷೆಯಲ್ಲಿ,
"ಇದು ತೆರೆಯುತ್ತದಾ?"

"ಇಲ್ಲಪ್ಪ, ಅಂಟಿಸಿದ್ದು. ಒಳಗೆ ಯಾರಿದ್ದಾರೆ, ಬ್ಯಾಟರಿ."

"ಆದರೂ," ಅಂದ ಓಸ್ತಾಪ್.
ಬನ್ನು ಕೊಟ್ಟೆ. ಒಂದು ತಿಂದು, ಒಂದು ಜೇಬಿಗಿಟ್ಟು ಹೋದ.

ರಾತ್ರಿ ಹಾಸಿಗೆಯ ಮಗ್ಗುಲು ಖಾಲಿ,
ಶೆಡ್ಡಿನಲ್ಲಿ ಗರಗಸ.
ಹೋಗಿ ನಿಂತೆ. ತಲೆಯೆತ್ತದೆ ಹೇಳಿದ,
ನಲವತ್ತೈದು ವರ್ಷದ ಮದುವೆಯಲ್ಲಿ ಹೇಳದ್ದನ್ನು:
ನಳಿಗೆ ಬಂದು ಮುಚ್ಚಳದ ಮೇಲೆ ನಿಂತರೆ
ಚಾಲಕನಿಗೆ ಬಾಗಿಲಿಲ್ಲ, ಐಲಿ.
ಒಮ್ಮೆ ತರಬೇತಿಯಲ್ಲಿ ವಯರು ಸುಟ್ಟು ಹೊಗೆ.
ಮೇಲಿದ್ದವರು ಗೋಪುರ ತಿರುಗಿಸದೆ
ಕಾಫಿಗೆ ಹೋಗಿದ್ದರು.
ಬಡಿದೆ. ಬಡಿದೆ.
ಅಷ್ಟು ಹೇಳಿ ಗರಗಸದ ಅಲಗು ಬದಲಿಸಿದ.

ಈಗ ಮುಚ್ಚಳಕ್ಕೊಂದು ಕೀಲಿದೆ,
ಮೇಲ್ದವಡೆ ಕೆಳದವಡೆ ಕೂರಿಸಿ ನೋಡುತ್ತಿದ್ದ
ಅವನ ಹಳೆಯ ಉಪಕರಣದಿಂದ ಬಿಚ್ಚಿದ್ದು.
ಬಾಯಿಯಂತೆಯೇ ತೆರೆಯುತ್ತದೆ.
ಶನಿವಾರ ಓಸ್ತಾಪ್ ಬಂದರೆ ರಿಮೋಟು ಅವನದು.
ಓಡಿಸುವ ಮೊದಲು ನಳಿಗೆಯನ್ನು ನೀರಿನತ್ತ ತಿರುಗಿಸಿ
ಮುಚ್ಚಳವೆತ್ತಿ, ಒಳಗಿಣುಕಿ, ಹಾಗೇ ಬಿಡುತ್ತಾನೆ.
"ಮಳೆ ಬಂದರೆ ಬ್ಯಾಟರಿ ಹಾಳು," ಗೊಣಗುತ್ತಾನೆ ಕೌಕೊ.
ಮುಚ್ಚುವುದಿಲ್ಲ ಅವನೂ.