ನಡು ಹೊಲಿಗೆ

ಮೇಜಿನ ಎಡಗಡೆ ಖಾನೆಯಲ್ಲಿ
ನೂರಾ ತೊಂಬತ್ತೆರಡು ಕೀಲಿಕೈ.
ಸೆಣಬಿನ ದಾರಕ್ಕೆ ಪೋಣಿಸಿ, ತಗಡಿನ ಬಿಲ್ಲೆ ಕಟ್ಟಿ
ಮೊಳೆಯಲ್ಲಿ ನಂಬರು ಕೊರೆದವನು ನಾನೇ,
ಹೋದ ವರ್ಷ ಯುಗಾದಿಯ ಹಿಂದಿನ ಶನಿವಾರ.
ಖಾನೆ ಎಳೆದರೆ ಸಾಕು
ಎತ್ತಿನ ಕೊರಳ ಗೆಜ್ಜೆಯ ಹಾಗೆ ಸದ್ದು.
ಸಾಹೇಬರು ತಲೆ ಎತ್ತುತ್ತಾರೆ. ನಾನು ಮುಚ್ಚುತ್ತೇನೆ.

ಸಿರುಗುಪ್ಪ ರಸ್ತೆಯಲ್ಲಿ, ಕಾಲುವೆ ದಾಟಿದ ಮೇಲೆ,
ಎಂಟು ಬ್ಲಾಕು, ಒಂದೊಂದಕ್ಕೂ ಮೂರು ಅಂತಸ್ತು;
ಗೋಡೆಗೆ ಬಳಿದ ಹಳದಿ
ಆಗಲೇ ಅದಿರಿನ ಧೂಳಿಗೆ ಕೆಂಪಗಾಗಿದೆ.
ಮಾರಾಟಕ್ಕಲ್ಲ, ಹಕ್ಕುಪತ್ರಕ್ಕಲ್ಲ,
ಬಾಡಿಗೆಗೆ. ಸರ್ಕಾರವೇ ಮನೆ ಮಾಲೀಕ.
ಯಾವ ಸರ್ಕಾರ ಎಂಬುದೊಂದು
ಕಡತ ಸಂಖ್ಯೆ ನಲವತ್ತೊಂದರಲ್ಲಿ ಇನ್ನೂ ಬಗೆಹರಿದಿಲ್ಲ.

ದಿಲ್ಲಿಯ ಪ್ರಾಧಿಕಾರ ಬರೆಯುತ್ತದೆ:
ಬಾಡಿಗೆಯ ಮಿತಿ ನಮ್ಮದು, ಮೊತ್ತ ನಿಮ್ಮದು,
ಮೊತ್ತ ತಿಳಿಸಿದರೆ ಮಿತಿ ತಿಳಿಸುತ್ತೇವೆ.
ಬೆಂಗಳೂರು ಬರೆಯುತ್ತದೆ:
ಮಿತಿ ಬರಲಿ, ಮೊತ್ತ ಆಮೇಲೆ.
ಇಬ್ಬರಿಗೂ ಪ್ರತಿ ಕಳಿಸುವವನು ನಾನು,
'ಸೂಕ್ತ ಕ್ರಮಕ್ಕಾಗಿ' ಎಂದು ಷರಾ ಹಾಕಿ.
ಅಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು.
ಇಲ್ಲಿ ಕುಟುಂಬವೆಂದರೆ ರೇಷನ್ ಕಾರ್ಡು.
ಎರಡರ ಸಂದಿಗೆ ಬೀಳುವವರ ಪಟ್ಟಿ
ಬೇರೆ ಫೈಲಿನಲ್ಲಿದೆ. ಅದೇ ದಪ್ಪಗಿದೆ.

ಮಾಬುನ್ನಿ ಆ ಪಟ್ಟಿಯವಳು.
ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುತ್ತಾಳೆ,
ಉಗುರಿನ ಬುಡದಲ್ಲಿ ಹೋಗದ ನೀಲಿ.
ಅತ್ತೆ, ನಾದಿನಿ, ನಾದಿನಿಯ ಕೂಸು, ತಾನು:
ನಾಲ್ಕು ಜನ, ಕುಟುಂಬವಲ್ಲ.
ಮೂರೂವರೆ ಸಾವಿರಕ್ಕೆ ಒಂದೇ ಕೋಣೆ,
ಕರೆಂಟು ಬೇರೆ, ನೀರು ಬೇರೆ,
ರಾತ್ರಿ ಹನ್ನೊಂದರ ಮೇಲೆ ಮಷಿನ್ ತುಳಿದರೆ
ಮಾಲೀಕನ ಬೈಗುಳ, ಅದೊಂದು ಬಿಟ್ಟಿ.
ಪ್ರತಿ ಸೋಮವಾರ ಊಟದ ಬಿಡುವಿನಲ್ಲಿ ಬರುತ್ತಾಳೆ.
"ಸಾರ್, ಎಲ್ಲಿಗೆ ಬಂತು?"
ದಿಲ್ಲಿಯಲ್ಲಿದೆ ಎನ್ನುತ್ತೇನೆ. ಇಲ್ಲವೇ ಬೆಂಗಳೂರಲ್ಲಿದೆ.
ಬಳ್ಳಾರಿಯಲ್ಲಿದೆ ಎಂದು ಒಮ್ಮೆಯೂ ಹೇಳಿಲ್ಲ,
ಮೊಣಕಾಲು ಖಾನೆಗೆ ತಾಗುತ್ತಲೇ ಇದ್ದರೂ.

ಆವತ್ತು ಬಿಸಿಲು ನಲವತ್ತಮೂರು.
ಫ್ಯಾನಿನಡಿ ನಿಂತು, ಸೆರಗಿನಲ್ಲಿ ಕತ್ತು ಒರೆಸುತ್ತ ಅಂದಳು:
"ನಮ್ಮಲ್ಲೂ ಹಂಗೇ ಸಾರ್. ಎಡಗಾಲು ನಾನು ಹೊಲೀತೀನಿ,
ಬಲಗಾಲು ಎರ್ರೆಮ್ಮ. ಮಾತಿಲ್ಲ ಕತೆಯಿಲ್ಲ,
ಜಗಳ ಆಗಿ ಎರಡು ವರ್ಷ ಆತು.
ಆದ್ರೂ ನಡು ಹೊಲಿಗೆಗೆ ಬಂದಾಗ ಕೂಡಲೇಬೇಕಲ್ಲ.
ಅರ್ಧ ಇಂಚು ಹೆಚ್ಚುಕಮ್ಮಿ ಆದ್ರೆ
ಮೇಸ್ತ್ರಿ ಇಬ್ಬರ ಕೂಲೀನೂ ಮುರೀತಾನೆ."
ಹೊಸಿಲು ದಾಟುವಾಗ ತಿರುಗಿ ಕೇಳಿದಳು:
"ಇವರ ಮೇಸ್ತ್ರಿ ಯಾರು ಸಾರ್?"

ಮರುದಿನ ಸ್ಥಳ ಪರಿಶೀಲನೆ ಅಂತ ಬರೆದು ಹೊರಟೆ.
ಕಾವಲಿನ ಗಾದಿಲಿಂಗಪ್ಪ ಬೀಡಿ ಆರಿಸಿ ಎದ್ದ.
ಅವನದು ತಗಡಿನ ಶೆಡ್ಡು, ಹದಿನಾಲ್ಕು ತಿಂಗಳಿಂದ,
ಖಾಲಿ ಮನೆಗಳ ನೆರಳಿನಲ್ಲಿ.
ನಲವತ್ತೇಳನೇ ಬೀಗ ತೆರೆಯಲಿಲ್ಲ;
ತಲೆಗೆ ಹಚ್ಚುವ ಎಣ್ಣೆ ತಂದು ಎರಡು ಹನಿ ಬಿಟ್ಟ.
ಒಳಗೆ ಪಾರಿವಾಳ, ಮೀಟರ್ ಪೆಟ್ಟಿಗೆಯ ಮೇಲೆ ಎರಡು ಮೊಟ್ಟೆ.
ಕಿಟಕಿಯ ತುಂಬ ಒಂದೇ ಬಂಡೆಯ ಗುಡ್ಡ.
ನಲ್ಲಿ ತಿರುವಿದೆ. ಕೆಮ್ಮಿತು, ಕೆಮ್ಮಿತು,
ತುಕ್ಕಿನ ಹನಿಯೊಂದ ಉಗುಳಿ ಸುಮ್ಮನಾಯಿತು.
ಕಿಟಕಿ ಕೆಳಗಿನ ಜಾಗಕ್ಕೆ ಗೇಣು ಹಾಕಿ ನೋಡಿದೆ:
ಹೊಲಿಗೆ ಮಷಿನ್ ಹಿಡಿಯುತ್ತದೆ.
ವರದಿಯಲ್ಲಿ ಇದಕ್ಕೆ ಕಾಲಮ್ಮಿಲ್ಲ.

ಕಚೇರಿಗೆ ಬಂದು ಟಿಪ್ಪಣಿ ಹಾಳೆಯಲ್ಲಿ ಬರೆದೆ,
ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ
ಯಾವ ಸುತ್ತೋಲೆಯನ್ನೂ ಉಲ್ಲೇಖಿಸದೆ:
'ಕುಟುಂಬ: ಒಂದೇ ಕೀಲಿಯಲ್ಲಿ ಬಾಗಿಲು ಹಾಕಿಕೊಳ್ಳುವವರು.
ಒಪ್ಪಿಗೆಗಾಗಿ ಮಂಡಿಸಿದೆ.'
ಸಾಹೇಬರು ಎರಡು ಸಲ ಓದಿದರು,
ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು ಪೆನ್ನು ಮುಚ್ಚಿದರು.
ಯಾರ ಜೊತೆ, ಬರೆದಿಲ್ಲ.

ಇವತ್ತು ಸೋಮವಾರ. ಒಂದೂಕಾಲು.
ಮೆಟ್ಟಿಲ ಮೇಲೆ ರಬ್ಬರ್ ಚಪ್ಪಲಿಯ ಸಪ್ಪಳ.
ಖಾನೆಯನ್ನು ಪೂರ್ತಿ ಎಳೆದಿದ್ದೇನೆ.
ಸಾಹೇಬರು ತಲೆ ಎತ್ತಿದ್ದಾರೆ.